ಹಾರ್ಟಿಗೇ ಕರೆಂಟ್ ಕೊಡಿಸ್ಕೊಂಡೆ

ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಕೊಡೋದು ಅಂತಾನೇ ಹೇಳೋದು. 2006ರಲ್ಲಿ ನಮ್ಮಕ್ಕಂಗೆ ಎಡಗಡೆ ಸ್ತನದ ಕ್ಯಾನ್ಸರ್ ಆಗಿ, ಆಪರೇಷನ್ ಆದ್ಮೇಲೆ ಬೆಂಗಳೂರಿನ ಕಿದ್ವಾಯಿಯಲ್ಲಿ 25 ದಿನ ಕರೆಂಟ್ ಕೊಟ್ರು, ದಿನಾ ಹಾಸನದಿಂದ ಓಡಾಡೋಕಾಗಲ್ಲ ಅಂತ ಭಾವ ವಿಲ್ಸನ್ ಗಾರ್ಡನ್ನಲ್ಲಿ ಒಂದು ರೂಮ್ ಮಾಡಿದ್ರು, ನಾನು ಎರಡು ವಾರ ರಜ ಹಾಕಿ ಅಮೆರಿಕದಿಂದ ಹೋಗಿದ್ದೆ. ಅಲ್ಲಿನ ಡಾಕ್ಟ್ರಮ್ಮ ಮೊದಲನೇ ದಿನ ಹೇಳಿದ ಮಾತು ಇವತ್ತಿಗೂ ಕಿವೀಲಿದೆ, ಎಡಗಡೆ ಆಗಿರೋದ್ರಿಂದ ಹಾರ್ಟಿಗೆ ಆದಷ್ಟು ತಾಗದ ಹಾಗೆ ಕೊಡ್ಬೇಕು ಅಂತ. ಅದಾಗಿ 15 ವರ್ಷಕ್ಕೆ, 2021ರ ಅಕ್ಟೋಬರಲ್ಲಿ, ಅಮೆರಿಕದ ಸೇಂಟ್ ಲೂಯಿಸಲ್ಲಿ ನಾನು ಅಂಥದ್ದೇ ಮಷೀನ್ ಕೆಳಗೆ ಮಲಗಿದ್ದೆ, ನನಗೆ ಕ್ಯಾನ್ಸರ್ ಇರಲಿಲ್ಲ, ಗುರಿ ಇಟ್ಟಿದ್ದು ನೇರವಾಗಿ ಹಾರ್ಟಿಗೇ. ಫೋನಲ್ಲಿ ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಏನೋ ಪುಟ್ಟ, ನನಗೆ ತಾಗಬಾರದು ಅಂತಿದ್ದ ಜಾಗಕ್ಕೇ ನಿನಗೆ ಕೊಡ್ತಾರಾ?" ಅಂದ್ಳು. ಅವತ್ತು ನನಗೆ ಸರಿಯಾಗಿ ಉತ್ತರ ಹೇಳೋಕೆ ಬರಲಿಲ್ಲ. ಮೂರು ವರ್ಷ ಆಯ್ತು, ಈಗ ಒಂದಿಷ್ಟು ತಿಳ್ಕೊಂಡಿದೀನಿ, ಅದನ್ನೇ ಬರೀತಿದೀನಿ.

ನನ್ನ ಕಥೆ ಶುರುವಾಗಿದ್ದು 2008ರಲ್ಲಿ, ಹಾರ್ಟ್ ಅಟ್ಯಾಕ್ ಆಗಿ ಬೈಪಾಸ್ ಆಯ್ತು. ಪ್ರಾಣ ಉಳೀತು, ಆದ್ರೆ ಎಡ ಕುಹರದ, ಅಂದ್ರೆ ಮೈಗೆಲ್ಲ ರಕ್ತ ತಳ್ಳೋ ಕೋಣೆಯ, ಮುಂದಿನ ಗೋಡೇಲಿ ಒಂದಷ್ಟು ಮಾಂಸಖಂಡ ಸತ್ತು ಗಾಯ ಒಣಗಿದ ಗುರುತಿನ ಹಾಗೆ ಗಟ್ಟಿಯಾಯ್ತು, ಡಾಕ್ಟರ್‌ಗಳು ಸ್ಕಾರ್ ಅಂತಾರೆ. 2012ರ ಹೊತ್ತಿಗೆ ಪಂಪಿಂಗ್ 30 ಪರ್ಸೆಂಟಿಗೆ ಇಳಿದಿತ್ತು, ಎಡಗಡೆ ಕೊರಳೆಲುಬಿನ ಕೆಳಗೆ ಐಸಿಡಿ ಹಾಕಿದ್ರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಒಳಗಿಂದ ಒಂದು ವೈರ್ ಹಾರ್ಟಿಗೆ ಹೋಗತ್ತೆ, ಬಡಿತ ಕೆಟ್ಟದಾಗಿ ಓಡೋಕೆ ಶುರುವಾದ್ರೆ ಮೊದಲು ಅದಕ್ಕಿಂತ ಬೇಗ ಬೇಗ ತಾನೇ ತಟ್ಟಿ ನಿಲ್ಸೋಕೆ ನೋಡತ್ತೆ, ಆಗ್ಲಿಲ್ಲ ಅಂದ್ರೆ ಶಾಕ್ ಕೊಡತ್ತೆ. ಮಿಶೆಲ್ ಮಿರೋವ್ಸ್ಕಿ ಅನ್ನೋ ಡಾಕ್ಟರ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದು, 1980ರಲ್ಲಿ ಜಾನ್ಸ್ ಹಾಪ್ಕಿನ್ಸಲ್ಲಿ ಮೊದಲನೇ ಸಲ ಮನುಷ್ಯನಿಗೆ ಅಳವಡಿಸಿದ್ದು. ಆ ಪುಣ್ಯಾತ್ಮನಿಂದ ನಾನು ಬದುಕಿದೀನಿ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಮುಂದೆ ಶಾಕ್ ಬಗ್ಗೆ ಹೇಳೋದು ಕೇಳಿ ಯಾರೂ ಐಸಿಡಿ ಬೇಡ ಅನ್ಕೋಬಾರದು.

2020ರ ಡಿಸೆಂಬರ್, ಬೆಳಿಗ್ಗೆ ಆರೂವರೆ. ಫಿಲ್ಟರಿಗೆ ಎರಡನೇ ನೀರು ಹಾಕ್ತಾ ನಿಂತಿದ್ದೆ. ಎದೇಲಿ ಪಾರಿವಾಳ ರೆಕ್ಕೆ ಬಡಿದ ಹಾಗಾಯ್ತು, ಕಣ್ಣು ಅಂಚಿನಿಂದ ಕಪ್ಪಾಗ್ತಾ ಬಂತು, ಸ್ಟೌ ಆಫ್ ಮಾಡ್ಬೇಕು ಅಂತ ಕೈ ಚಾಚಿದ್ದು ನೆನಪಿದೆ, ಅಷ್ಟರಲ್ಲಿ ಹೊಡೀತು. ಚಿಕ್ಕಂದಿನಲ್ಲಿ ಹಾಲು ಕರೆಯೋಕೆ ಹೋಗಿ ಹಸು ಕೈಲಿ ಒದೆಸ್ಕೊಂಡಿದೀನಿ, ಅದೇ ಒದೆ ಎದೆ ಒಳಗಿಂದ ಬಿದ್ದ ಹಾಗೆ. ಬಿಸಿ ನೀರು ಕಾಲ ಮೇಲೆ ಚೆಲ್ಲಿದ್ದು ಗೊತ್ತೇ ಆಗ್ಲಿಲ್ಲ. ನನ್ನಾಕೆ ಓಡಿ ಬರೋ ಹೊತ್ತಿಗೆ ಇನ್ನೊಂದು. ಅವತ್ತು ಒಂದೇ ದಿನ ಏಳು ಶಾಕ್, ಆಂಬುಲೆನ್ಸಲ್ಲೇ ಎರಡು. 24 ಗಂಟೇಲಿ ಮೂರು ಅಥವಾ ಜಾಸ್ತಿ ಸಲ ಹೀಗಾದ್ರೆ ಅದನ್ನ ಸ್ಟಾರ್ಮ್ ಅಂತಾರೆ, ಬಿರುಗಾಳಿ. ಪ್ರತಿ ಶಾಕ್ ಬೀಳುವಾಗ ನನಗೆ ಎಚ್ಚರ ಇತ್ತು, ಮುಂದಿನದು ಯಾವಾಗ ಅಂತ ಕಾಯೋದಿದ್ಯಲ್ಲ, ಅದು ಶಾಕಿಗಿಂತ ಕೆಟ್ಟದು. ಅದಾದ್ಮೇಲೆ ತಿಂಗಳುಗಟ್ಟಲೆ ನಾನು ಮೊಮ್ಮಗಳನ್ನ ತೊಡೆ ಮೇಲೆ ಕೂರಿಸ್ಕೊಳ್ಳಲಿಲ್ಲ, ಅವಳು ಇರುವಾಗ ಹೊಡೆದ್ರೆ ಮಗು ಹೆದರ್ಕೊಳತ್ತೆ ಅಂತ. ಕಾರ್ ಓಡ್ಸೋದು ನಿಂತೋಯ್ತು. ಫಿಲ್ಟರ್ ಮುಂದೆ ನಿಂತ್ರೆ ಕೈ ನಡುಗ್ತಿತ್ತು.

ಈ ಕಾಯಿಲೆ ಹೆಸರು ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ, ಎಲ್ರೂ ವೀಟಿ ಅಂತಾರೆ. ನಮ್ಮ ಎಲೆಕ್ಟ್ರೋಫಿಸಿಯಾಲಜಿ ಡಾಕ್ಟರ್, ಅಂದ್ರೆ ಹಾರ್ಟಿನ ಕರೆಂಟ್ ನೋಡೋ ಡಾಕ್ಟರ್, ಬಿಡಿಸಿ ಹೇಳಿದ್ದು ಹೀಗೆ. ಹಾರ್ಟಿನ ಕರೆಂಟ್ ಮೇಲಿಂದ ಕೆಳಕ್ಕೆ ಒಂದು ಸಲ ಹರಿದು ಮುಗಿದುಹೋಗ್ಬೇಕು, ಬಡಿದ ಮಾಂಸಖಂಡ ಒಂದು ಕ್ಷಣ ಸುಸ್ತಾಗಿ ಸುಮ್ನಿರತ್ತೆ, ಆಮೇಲೆ ಮುಂದಿನ ಬಡಿತ. ಸ್ಕಾರ್ ಒಳಗೆ ಪೂರ್ತಿ ಸತ್ತಿರಲ್ಲ, ನಡುನಡುವೆ ಬದುಕಿ ಉಳಿದ ಎಳೆಗಳಿರ್ತವೆ, ಅದರೊಳಗೆ ಕರೆಂಟ್ ತೆವಳ್ತಾ ಹೋಗತ್ತೆ. ತೆವಳಿ ಆಚೆ ಕಡೆ ಬರೋಷ್ಟರಲ್ಲಿ ಹೊರಗಿನ ಮಾಂಸಖಂಡ ಸುಸ್ತು ಕಳೆದು ಮತ್ತೆ ರೆಡಿ ಇರತ್ತೆ, ಸರಿ, ಅದನ್ನ ಬಡಿಸಿ, ಸುತ್ತಿ ಬಂದು, ಮತ್ತೆ ಸ್ಕಾರ್ ಒಳಗೆ ಹೋಗತ್ತೆ. ಹೀಗೆ ಪ್ರದಕ್ಷಿಣೆ ಹಾಕ್ತಾನೇ ಇರತ್ತೆ, ನಿಮಿಷಕ್ಕೆ 170, 180 ಸುತ್ತು. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ರೇಡಿಯೇಷನ್ ಹೇಗೆ ಕೆಲಸ ಮಾಡತ್ತೆ ಅನ್ನೋದೆಲ್ಲ ಈ ತೆವಳೋದರ ಮೇಲೇ ನಿಂತಿದೆ.

ಔಷಧಿ ಕೊಟ್ರು, ಅಮಿಯೊಡರೋನ್. ಒಳ್ಳೇ ಔಷಧಿ, ಆದ್ರೆ ಅದರ ತೂಕದಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಅಯೋಡಿನ್ನೇ ಇರೋದು, ನನ್ನ ಥೈರಾಯ್ಡ್ ಕೆಡಿಸ್ತು, ಕೈ ನಡುಕ ಬಂತು, ಬಿಸಿಲಿಗೆ ಹೋದ್ರೆ ಚರ್ಮ ಉರೀತಿತ್ತು. ಕ್ಯಾತಿಟರ್ ಅಬ್ಲೇಷನ್ ಎರಡು ಸಲ ಆಯ್ತು, ತೊಡೆ ಸಂದಿಯಿಂದ ವೈರ್ ಬಿಟ್ಟು ಆ ದಾರೀನ ಒಳಗಿಂದ ಸುಡೋದು. ಮೊದಲನೇದು ಆರು ಗಂಟೆ ಹಿಡೀತು, ನಾಲ್ಕೇ ತಿಂಗಳಿಗೆ ವೀಟಿ ವಾಪಸ್. ಎರಡನೇ ಸಲ ಮಧ್ಯದಲ್ಲಿ ಬೀಪಿ ಬಿದ್ದು ನಿಲ್ಸಬೇಕಾಯ್ತು. ಆ ವೈರ್ ತುದಿಯ ಬಿಸಿ ಕೆಲವೇ ಮಿಲಿಮೀಟರ್ ಆಳಕ್ಕೆ ಇಳಿಯೋದು, ನನ್ನ ಸರ್ಕ್ಯೂಟ್ ಗೋಡೆಯ ನಟ್ಟನಡುವೆ ಇತ್ತು. ಹೊರಗಡೆಯಿಂದ ಹೋಗೋಣ ಅಂದ್ರೆ ಬೈಪಾಸ್ ಆದವರಿಗೆ ಹಾರ್ಟಿನ ಪೊರೆ ಅಂಟ್ಕೊಂಡಿರತ್ತೆ, ದಾರಿ ಸಿಗಲ್ಲ.

ಆಗಲೇ ಡಾಕ್ಟರ್ ರೇಡಿಯೇಷನ್ ಮಾತೆತ್ತಿದ್ದು. ಕಾಕತಾಳೀಯ ಅಂದ್ರೆ ಈ ಚಿಕಿತ್ಸೆ ಹೆಸರು ಮಾಡಿದ್ದೇ ನಾನಿರೋ ಊರಲ್ಲಿ. ಅದಕ್ಕೂ ಮುಂಚೆ 2012ರಲ್ಲಿ ಸ್ಟ್ಯಾನ್‌ಫರ್ಡಲ್ಲಿ ಒಬ್ಬ ರೋಗಿಗೆ ಮಾಡಿದ್ರು, ಆದ್ರೆ ಎಲ್ರೂ ತಿರುಗಿ ನೋಡೋ ಹಾಗೆ ಆಗಿದ್ದು 2017ರ ಡಿಸೆಂಬರಲ್ಲಿ, ಇಲ್ಲಿನ ವಾಷಿಂಗ್ಟನ್ ಯೂನಿವರ್ಸಿಟಿಯ ಫಿಲಿಪ್ ಕುಕುಲಿಚ್, ಕ್ಲಿಫರ್ಡ್ ರಾಬಿನ್ಸನ್ ಅವರ ತಂಡ ಐದು ಜನ ರೋಗಿಗಳ ಫಲಿತಾಂಶ ಪ್ರಕಟಿಸಿದಾಗ. ಒಬ್ರು ಹಾರ್ಟ್ ರಿದಂ ಡಾಕ್ಟರ್, ಇನ್ನೊಬ್ರು ಕ್ಯಾನ್ಸರ್ ರೇಡಿಯೇಷನ್ ಡಾಕ್ಟರ್, ಇಬ್ರೂ ಕೂತು ಒಂದೇ ಪಟದ ಮೇಲೆ ಗೆರೆ ಎಳೆದ್ರು. ಚಿಕಿತ್ಸೆಗೆ ಮುಂಚಿನ ಮೂರು ತಿಂಗಳಲ್ಲಿ ಆ ಐವರಿಗೆ ಒಟ್ಟು 6577 ಸಲ ವೀಟಿ ಬಂದಿತ್ತು, ಚಿಕಿತ್ಸೆ ಆಗಿ ಮೊದಲ ಆರು ವಾರ ಬಿಟ್ಟು ಲೆಕ್ಕ ಹಾಕಿದ್ರೆ ಆಮೇಲೆ ಬಂದಿದ್ದು 4 ಸಲ. ಒಬ್ಬರು ಆ ಆರು ವಾರದೊಳಗೇ ಸ್ಟ್ರೋಕ್ ಆಗಿ ತೀರ್ಕೊಂಡ್ರು, ಅದನ್ನೂ ಡಾಕ್ಟರ್ ನನಗೆ ಮುಚ್ಚಿಡಲಿಲ್ಲ. ಮುಂದೆ 19 ಜನರಿಗೆ ಮಾಡಿದ ಅಧ್ಯಯನ 2019ರಲ್ಲಿ ಬಂತು, ಹೆಚ್ಚುಕಮ್ಮಿ ಎಲ್ರಿಗೂ ವೀಟಿ ತುಂಬಾ ಕಮ್ಮಿಯಾಗಿತ್ತು, ಆದ್ರೆ ಒಂದು ವರ್ಷದ ನಂತರ ಬದುಕಿದ್ದವರು 72 ಪರ್ಸೆಂಟ್. ಅಷ್ಟು ಸೋತ ಹಾರ್ಟಿನವರಿಗೇ ಇದನ್ನ ಕೊಡೋದು. "ಇದು ಕೊನೆ ಬಾಗಿಲು, ಮೊದಲನೇದಲ್ಲ" ಅಂತ ಅವರು ನೇರವಾಗಿ ಹೇಳಿದ್ದು ನನಗೆ ಧೈರ್ಯಾನೇ ಕೊಡ್ತು.

ಇನ್ಶೂರೆನ್ಸಿನವರು ಮೊದಲು ಆಗಲ್ಲ ಅಂದ್ರು, ಕ್ಯಾನ್ಸರ್ ಕೋಡ್ ಇಲ್ಲದೆ ರೇಡಿಯೇಷನ್ ಯಾಕೆ ಅಂತ. ಪತ್ರ, ಫೋನು, ಅಪೀಲು ಅಂತ ಏಳು ವಾರ ಹೋಯ್ತು, ಆ ಏಳು ವಾರದಲ್ಲಿ ನನಗೆ ಇನ್ನೂ ಎರಡು ಶಾಕ್ ಬಿತ್ತು. ಈ ಸಿಟ್ಟು ನನಗೆ ಇನ್ನೂ ಆರಿಲ್ಲ. ಮಗಳು ಆಫೀಸ್ ಕೆಲಸ ಬಿಟ್ಟು ದಿನಾ ಅವರ ಬೆನ್ನು ಹತ್ತಿ ಕೊನೆಗೆ ಒಪ್ಪಿಸಿದ್ಳು.

ಗುರಿ ಹುಡುಕೋದೇ ದೊಡ್ಡ ಕೆಲಸ. ಒಳಗೆ ವೈರ್ ಬಿಡದೆ ಹೊರಗಿಂದಾನೇ ಕಂಡುಹಿಡೀಬೇಕು. ಅದಕ್ಕೆ ಎದೆ, ಬೆನ್ನು ತುಂಬಾ 256 ಎಲೆಕ್ಟ್ರೋಡ್ ಇರೋ ಪಟ್ಟಿಗಳನ್ನ ಅಂಟಿಸಿದ್ರು, ಒಂದು ಬನಿಯನ್ ಹಾಕಿದ ಹಾಗೆ. ಸ್ವಲ್ಪ ಮಂಪರಿಗೆ ಔಷಧಿ ಕೊಟ್ಟು, ನನ್ನ ಐಸಿಡಿಯಿಂದಲೇ ಬೇಕಂತ ವೀಟಿ ಬರಿಸಿದ್ರು. ಇದಕ್ಕೆ ಸಹಿ ಹಾಕುವಾಗ ನನ್ನಾಕೆ ಅತ್ತುಬಿಟ್ಳು, ಯಾವುದನ್ನ ಓಡಿಸೋಕೆ ಬಂದಿದೀವೋ ಅದನ್ನ ಕರೆದು ಕೂರಿಸ್ತಾರಲ್ಲ ಅಂತ. ಕೆಲವು ಬಡಿತ ಅಷ್ಟೇ, ಪಟ ಸಿಕ್ಕ ತಕ್ಷಣ ಐಸಿಡಿಯಿಂದಲೇ ತಟ್ಟಿ ನಿಲ್ಸಿದ್ರು. ಕರೆಂಟ್ ಸ್ಕಾರಿನಿಂದ ಎಲ್ಲಿ ಹೊರಗೆ ಬರತ್ತೆ ಅಂತ ಆ 256 ಕಣ್ಣುಗಳು ನೋಡಿದ್ವು. ಅದನ್ನ ಸೀಟಿ ಸ್ಕ್ಯಾನ್ ಮೇಲೆ ಕೂರಿಸಿ, ಹಳೇ ಸ್ಕ್ಯಾನಲ್ಲಿ ಸ್ಕಾರ್ ಎಲ್ಲಿದೆ ಅಂತ ಹೊಂದಿಸಿ ಗುರಿ ಬರೆದ್ರು. ಎಡ ಕುಹರವನ್ನ ಡಾಕ್ಟರ್‌ಗಳು 17 ಭಾಗ ಮಾಡಿ ನೋಡ್ತಾರಂತೆ, ನನ್ನದು ಅದರಲ್ಲಿ ಎರಡು ಭಾಗದಲ್ಲಿ ಹರಡಿತ್ತು. ಇಷ್ಟೇ ಆಗಿದ್ರೆ ಸುಲಭ, ಹಾರ್ಟ್ ಬಡೀತಾನೇ ಇರತ್ತೆ, ಅದರ ಮೇಲೆ ಉಸಿರಾಡಿದ್ರೆ ಇಡೀ ಹಾರ್ಟೇ ಮೇಲೆ ಕೆಳಗೆ ಆಡತ್ತೆ. ಉಸಿರಿನ ಜೊತೆ ಎಷ್ಟು ಆಡತ್ತೆ ಅಂತ ಇನ್ನೊಂದು ಥರದ ಸೀಟಿ ಮಾಡಿ, ಆಡೋ ಅಷ್ಟೂ ಜಾಗಕ್ಕೆ ಅಂಚು ಸೇರಿಸಿದ್ರು. ನಿಂಬೆಹಣ್ಣಿನಷ್ಟಿದ್ದ ಗುರಿ ಕಿತ್ತಳೆಹಣ್ಣಿನಷ್ಟಾಯ್ತು. ಆ ಕಿತ್ತಳೆಯ ಪಕ್ಕದಲ್ಲೇ ಜಠರ, ಹಿಂದೆ ಅನ್ನನಾಳ, ಸುತ್ತ ಶ್ವಾಸಕೋಶ. ಪ್ಲಾನ್ ಮಾಡೋಕೆ ಫಿಸಿಸಿಸ್ಟ್‌ಗಳಿಗೆ ಒಂದು ವಾರಕ್ಕೂ ಹೆಚ್ಚು ಹಿಡೀತು ಅಂದ್ರೆ ಯಾಕೆ ಅಂತ ಆಗ ಅರ್ಥ ಆಯ್ತು.

ರೇಡಿಯೇಷನ್ ಅಳೆಯೋದು ಗ್ರೇ ಅನ್ನೋ ಅಳತೇಲಿ. ಅಕ್ಕಂಗೆ ದಿನಕ್ಕೆ 2 ಗ್ರೇ, 25 ದಿನ, ಒಟ್ಟು 50. ನನಗೆ 25 ಗ್ರೇ, ಒಂದೇ ಸಲ, ಒಂದೇ ದಿನ. ಒಟ್ಟು ಲೆಕ್ಕ ಅರ್ಧ ಅಂತ ಕಾಣತ್ತೆ, ಆದ್ರೆ ದಿನಾ ಸ್ವಲ್ಪ ಸ್ವಲ್ಪ ಕೊಟ್ರೆ ಒಳ್ಳೇ ಜೀವಕೋಶಗಳಿಗೆ ರಾತ್ರಿ ರಿಪೇರಿ ಮಾಡ್ಕೊಳ್ಳೋಕೆ ಟೈಮ್ ಸಿಗತ್ತೆ, ಒಂದೇ ಏಟಿಗೆ ಕೊಟ್ರೆ ಸಿಗಲ್ಲ, ಹಾಗಾಗಿ ಇದೇನೂ ಕಮ್ಮಿ ಏಟಲ್ಲ.

ಚಿಕಿತ್ಸೆ ದಿನ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋದೆ. ಹಿಂದಿನ ದಿನ ಸಂಜೆ ವೈಡ್‌ಮನ್ ರೋಡಿನ ಹಿಂದೂ ದೇವಸ್ಥಾನಕ್ಕೆ ಹೋಗಿ ಬಂದಿದ್ವಿ. ಸಣ್ಣ ಸಣ್ಣ ಮಣಿ ತುಂಬಿದ ಒಂದು ದೊಡ್ಡ ದಿಂಬು, ಅದರ ಮೇಲೆ ಮಲಗಿಸಿ ಗಾಳಿ ಎಳೆದ್ರೆ ನಮ್ಮ ಮೈಯ ಆಕಾರಕ್ಕೆ ಕಲ್ಲಿನ ಹಾಗೆ ಗಟ್ಟಿಯಾಗತ್ತೆ, ಪ್ಲಾನಿಂಗ್ ದಿನ ನನ್ನ ಅಚ್ಚಲ್ಲೇ ಮಾಡಿಟ್ಟಿದ್ರು. ಅದರಲ್ಲಿ ಮಲಗಿದೆ, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿ ಅದರ ಗಾಳೀನೂ ಎಳೆದ್ರು, ಉಸಿರು ಜಾಸ್ತಿ ಏರಿಳಿಯದ ಹಾಗೆ. ಐಸಿಡಿಯ ಶಾಕ್ ಆಫ್ ಮಾಡಿದ್ರು, ಬದಲಿಗೆ ಎದೆಗೆ ಬೆನ್ನಿಗೆ ಹೊರಗಿನ ಶಾಕ್ ಪ್ಯಾಡ್ ಅಂಟಿಸಿದ್ರು. ತಿಂಗಳುಗಟ್ಟಲೆ ಯಾವ ಡಬ್ಬಿಗೆ ಹೆದರ್ತಿದ್ನೋ ಅದು ಆಫ್ ಆಗಿದೆ ಅಂದಾಗ ನನಗೆ ಹೆದರಿಕೆ ಇನ್ನೂ ಜಾಸ್ತಿಯಾಯ್ತು. ಕಿರಣಗಳ ಶಕ್ತಿ ಕಮ್ಮಿ ಇಟ್ಟಿದ್ರು, ತುಂಬಾ ಹೆಚ್ಚಿನ ಶಕ್ತಿಯಲ್ಲಿ ಮಷೀನಿಂದ ನ್ಯೂಟ್ರಾನ್ ಬಂದು ಐಸಿಡಿಯ ಮೆಮೊರಿ ಕೆಡಿಸಬಹುದಂತೆ, ಡಬ್ಬಿಯೂ ಕಿರಣದ ದಾರೀಲಿ ಇರಬಾರದು. ವೈರಿನ ತುದಿ ಮಾತ್ರ ಒಳ್ಳೇ ಗುರುತಾಯ್ತು, ಮಲಗಿದ ಮೇಲೆ ಇನ್ನೊಂದು ಸ್ಕ್ಯಾನ್ ಮಾಡಿ ಅದು ಪ್ಲಾನಲ್ಲಿದ್ದ ಜಾಗಕ್ಕೇ ಕೂತಿದ್ಯಾ ಅಂತ ನೋಡಿದ್ರು, ಎರಡು ಮಿಲಿಮೀಟರ್ ಸರಿಸಿದ್ರು, ಮತ್ತೆ ನೋಡಿದ್ರು.

ಎಲ್ರೂ ಹೊರಗೆ ಹೋದ್ರು. ದಪ್ಪ ಬಾಗಿಲು ಮುಚ್ಕೊಂಡಿದ್ದು ಕೇಳ್ಸಿತು. ಮಷೀನ್ ತಲೆ ಸುತ್ತ ತಿರುಗೋಕೆ ಶುರುವಾಯ್ತು, ಒಂಥರಾ ಗುಂಯ್ ಅನ್ನೋ ಸದ್ದು. ನೋವಿಲ್ಲ, ಬಿಸಿ ಇಲ್ಲ, ಏನೂ ಇಲ್ಲ. ಚಾವಣೀಲಿ ಮರದ ಕೊಂಬೆ, ಆಕಾಶದ ಚಿತ್ರ ಇರೋ ಲೈಟ್ ಹಾಕಿದ್ರು, ಅದರಲ್ಲಿ ಒಂದು ಕೊಂಬೆಯ ಎಲೆ ಎಣಿಸ್ತಾ ಮಲಗಿದ್ದೆ, 41ರವರೆಗೆ ಎಣಿಸಿ ಲೆಕ್ಕ ತಪ್ಪಿ ಮತ್ತೆ ಶುರು ಮಾಡಿದೆ. ಹದಿನಾಲ್ಕು ನಿಮಿಷಕ್ಕೆ ಮುಗೀತು. ಐಸಿಡಿ ಮತ್ತೆ ಆನ್ ಮಾಡಿ ಚೆಕ್ ಮಾಡಿದ್ರು, ಮಧ್ಯಾಹ್ನ ಮನೆಗೆ ಕಳಿಸಿದ್ರು. ಎರಡು ಅಬ್ಲೇಷನ್ ಆದಾಗ ದಿನಗಟ್ಟಲೆ ಕಾಲು ಮಡಚೋಕಾಗದೆ ಮಲಗಿದ್ದ ನಾನು ಅವತ್ತು ಕಾರಿಂದ ಇಳಿದು ನಡ್ಕೊಂಡು ಮನೆ ಒಳಗೆ ಹೋದೆ, ಸಂಜೆ ವಾಕರಿಕೆ ಬಂತು, ಮೊಸರನ್ನ ಎರಡು ತುತ್ತು ತಿಂದು ಮಲಗಿದೆ, ಮುಂದಿನ ಹತ್ತು ದಿನ ಮೈಯಲ್ಲಿ ಶಕ್ತಿ ಹೀರಿದ ಹಾಗೆ ಸುಸ್ತು.

ಮೊದಲ ಆರು ವಾರ ಲೆಕ್ಕಕ್ಕಿಲ್ಲ ಅಂತ ಮೊದಲೇ ಹೇಳಿದ್ರು. ಎರಡನೇ ವಾರದಲ್ಲಿ ಒಂದು ಶಾಕ್ ಬಿತ್ತು. ಅವತ್ತು ರಾತ್ರಿ ನಾನೂ ನನ್ನಾಕೆಯೂ ಮಾತಾಡದೆ ಕೂತಿದ್ವಿ, ಇದೂ ಹೋಯ್ತು ಅನ್ಕೊಂಡು. ಮೂರನೇ ವಾರದಲ್ಲಿ ಐಸಿಡಿ ಎರಡು ಸಲ ತಟ್ಟಿ ನಿಲ್ಸಿತ್ತು. ನಾಲ್ಕನೇ ವಾರದಿಂದ ಏನೂ ಇಲ್ಲ. ಮಂಚದ ಪಕ್ಕ ಇರೋ ಮಾನಿಟರ್ ದಿನಾ ರಾತ್ರಿ ಆಸ್ಪತ್ರೆಗೆ ಲೆಕ್ಕ ಕಳಿಸ್ತಾ ಇತ್ತು, ಖಾಲಿ, ಖಾಲಿ, ಖಾಲಿ.

ಇಲ್ಲೇ ನನಗೆ ಪ್ರಶ್ನೆ ಹುಟ್ಟಿದ್ದು. ಮೊದಮೊದಲು ಡಾಕ್ಟರ್‌ಗಳೂ ಅನ್ಕೊಂಡಿದ್ದು ರೇಡಿಯೇಷನ್ ನಿಧಾನವಾಗಿ ಆ ಜಾಗವನ್ನ ಪೂರ್ತಿ ಸ್ಕಾರ್ ಮಾಡತ್ತೆ, ಉಳಿದಿದ್ದ ಎಳೆಗಳೂ ಸತ್ತು ದಾರಿ ಮುಚ್ಚತ್ತೆ ಅಂತ. ಆದ್ರೆ ರೇಡಿಯೇಷನ್ನಿಂದ ಅಂಥ ಗಟ್ಟಿ ಸ್ಕಾರ್ ಆಗೋಕೆ ತಿಂಗಳುಗಳು ಬೇಕು. ಕ್ಯಾನ್ಸರ್ ಗಡ್ಡೆ ಕರಗೋದು ಅದರ ಜೀವಕೋಶ ಒಡೆದು ಎರಡಾಗೋಕೆ ಹೋದಾಗ ಸಾಯೋದ್ರಿಂದ, ಹಾರ್ಟಿನ ಮಾಂಸಖಂಡದ ಜೀವಕೋಶ ದೊಡ್ಡವರಲ್ಲಿ ಒಡೆಯೋದೇ ತೀರಾ ಅಪರೂಪ, ಅದು ಅಷ್ಟು ಬೇಗ ಸಾಯಲ್ಲ. ಮತ್ತೆ ವಾರಗಳಲ್ಲೇ ವೀಟಿ ನಿಂತಿದ್ದು ಹೇಗೆ? ಆರನೇ ವಾರದ ಭೇಟಿಯಲ್ಲಿ ಕೇಳಿದೆ. ಡಾಕ್ಟರ್ ನನ್ನ ಎರಡು ಇಸಿಜಿ ಪಕ್ಕಪಕ್ಕ ಇಟ್ರು, ಹಿಂದಿನದು, ಅವತ್ತಿನದು. ಪೆನ್ನಿನ ತುದಿಯಿಂದ ಆ ಚೂಪು ಗೆರೆಯ ಅಗಲ ತೋರಿಸಿದ್ರು. ಮೊದಲು 162 ಮಿಲಿಸೆಕೆಂಡ್, ಈಗ 148. ಅಂದ್ರೆ ಕರೆಂಟ್ ಕುಹರದಲ್ಲಿ ಹರಡೋಕೆ ತಗೋತಿದ್ದ ಟೈಮ್ ಕಮ್ಮಿಯಾಗಿದೆ, ಬೇಗ ಹರೀತಿದೆ. ಸುಟ್ಟು ಹಾಕಿದ್ರೆ ನಿಧಾನ ಆಗ್ಬೇಕಿತ್ತು.

2021ರಲ್ಲೇ ಅದೇ ವಾಷಿಂಗ್ಟನ್ ಯೂನಿವರ್ಸಿಟಿಯ ಸ್ಟೇಸಿ ರೆಂಟ್ಷ್ಲರ್ ಅವರ ಲ್ಯಾಬಿನವರು ಇದನ್ನ ಪ್ರಕಟಿಸಿದ್ರು. ಈ ಚಿಕಿತ್ಸೆ ಆದ ರೋಗಿಗಳ ಹಾರ್ಟನ್ನ ಆಮೇಲೆ ಪರೀಕ್ಷೆ ಮಾಡೋ ಅವಕಾಶ ಸಿಕ್ಕಾಗ ನೋಡಿದ್ರೆ ಗೋಡೆಯ ಒಳಗಿಂದ ಹೊರಗಿನವರೆಗೆ ಪೂರ್ತಿ ದಪ್ಪಕ್ಕೂ ಹೊಸ ಸ್ಕಾರ್ ಆಗಿರಲಿಲ್ಲ. ಇಲಿಗಳ ಹಾರ್ಟಿಗೆ ರೇಡಿಯೇಷನ್ ಕೊಟ್ಟು ನೋಡಿದಾಗ ಕರೆಂಟ್ ಹರಿಯೋ ವೇಗ ಜಾಸ್ತಿಯಾಗಿತ್ತು, ಜೀವಕೋಶದ ಗೋಡೇಲಿ ಸೋಡಿಯಂ ಒಳಗೆ ಬಿಡೋ ಬಾಗಿಲುಗಳು ಹೆಚ್ಚಾಗಿದ್ವು, ಕರೆಂಟ್ ಓಡೋದೇ ಆ ಬಾಗಿಲುಗಳಿಂದ. ಅದನ್ನ ಮಾಡಿಸೋದರಲ್ಲಿ ನಾಚ್ ಅನ್ನೋ ಒಂದು ಸಂಕೇತದ ಕೈ ಇದೆ, ಗರ್ಭದಲ್ಲಿ ಹಾರ್ಟ್ ಬೆಳೆಯುವಾಗ ಕೆಲಸ ಮಾಡಿ ದೊಡ್ಡವರಾದ್ಮೇಲೆ ಸುಮ್ಮನಾಗಿರತ್ತೆ, ರೇಡಿಯೇಷನ್ ಏಟಿಗೆ ಮತ್ತೆ ಎದ್ದಿದೆ. ಈಗ ಆ ಪ್ರದಕ್ಷಿಣೆ ನೆನಪು ಮಾಡ್ಕೊಳ್ಳಿ. ತೆವಳ್ತಿದ್ದ ಕರೆಂಟ್ ಬೇಗ ಓಡಿದ್ರೆ, ಆಚೆ ಕಡೆ ಬರುವಾಗ ಹೊರಗಿನ ಮಾಂಸಖಂಡ ಇನ್ನೂ ಸುಸ್ತಲ್ಲೇ ಇರತ್ತೆ, ಸುತ್ತೋಕೆ ಜಾಗ ಇಲ್ಲದೆ ಅಲ್ಲೇ ನಿಲ್ಲತ್ತೆ. ಕ್ಯಾತಿಟರ್ ದಾರೀನ ಮುಚ್ಚೋಕೆ ನೋಡಿತ್ತು, ಇದು ದಾರೀನ ಸರಾಗ ಮಾಡ್ತು. ನಾನು ಅದನ್ನ ಕೇಳಿ ಕಾರಿಗೆ ಬಂದು ಐದು ನಿಮಿಷ ಹಾಗೇ ಕೂತಿದ್ದೆ, ಹದಿಮೂರು ವರ್ಷದಿಂದ ಸತ್ತ ಜಾಗ ಅಂತ ನಾನು ಬರೆದಿಟ್ಟಿದ್ದ ಕಡೆ ಇನ್ನೂ ಕಲಿಯೋ ಜೀವ ಇತ್ತು ಅಂತ.

ಹಾಗಂತ ಎಲ್ಲ ಸುಖವಾಗಿ ಮುಗೀತು ಅಂದ್ರೆ ಸುಳ್ಳಾಗತ್ತೆ. ಮೂರನೇ ತಿಂಗಳಲ್ಲಿ ಒಣ ಕೆಮ್ಮು, ಮೆಟ್ಟಿಲು ಹತ್ತಿದ್ರೆ ಏದುಸಿರು, ಕೋವಿಡ್ ಅಂತ ಹೆದರಿದ್ವಿ, ಟೆಸ್ಟ್ ನೆಗೆಟಿವ್. ಸೀಟಿಯಲ್ಲಿ ಎಡ ಶ್ವಾಸಕೋಶದ ಅಂಚಲ್ಲಿ ಕಿರಣ ಹಾದುಹೋದ ಕಡೆ ಮಬ್ಬಾಗಿತ್ತು, ನ್ಯುಮೋನೈಟಿಸ್, ಅಂದ್ರೆ ಶ್ವಾಸಕೋಶದ ಉರಿಯೂತ. ಸ್ಟಿರಾಯ್ಡ್ ಕೊಟ್ಟು ನಿಧಾನವಾಗಿ ಇಳಿಸಿದ್ರು, ಎರಡು ತಿಂಗಳಿಗೆ ಸರಿಹೋಯ್ತು. ಎಕೋ ಅನ್ನೋ ಹಾರ್ಟಿನ ಸ್ಕ್ಯಾನಲ್ಲಿ ಹಾರ್ಟ್ ಸುತ್ತ ಸ್ವಲ್ಪ ನೀರು ಕಂಡಿತ್ತು, ತಾನಾಗೇ ಕಮ್ಮಿಯಾಯ್ತು. ಬೇರೆ ಕೆಲವು ರೋಗಿಗಳಿಗೆ ಜಠರದ ಕಡೆ ದೊಡ್ಡ ತೊಂದರೆ ಆಗಿದ್ದೂ ವರದಿಯಾಗಿದೆ, ಅದಕ್ಕೇ ಹೊಟ್ಟೆ ಉರಿ ಬಂದ್ರೂ ಅಸಡ್ಡೆ ಮಾಡ್ಬೇಡಿ ಅಂತ ನನಗೆ ಹೇಳಿದಾರೆ. ವೀಟಿನೂ ಪೂರ್ತಿ ಹೋಗಿಲ್ಲ, 2023ರ ಮಾರ್ಚಲ್ಲಿ ನಾಲ್ಕು ಸಲ ಬಂತು, ನಾಲ್ಕೂ ಸಲ ಐಸಿಡಿ ತಟ್ಟಿಯೇ ನಿಲ್ಸಿತು, ಶಾಕ್ ಬೇಕಾಗ್ಲಿಲ್ಲ. ಅಮಿಯೊಡರೋನ್ ಅರ್ಧಕ್ಕೆ ಇಳಿದಿದೆ. ಕೊನೆ ಶಾಕ್ ಬಿದ್ದು ಮೂರು ವರ್ಷ ಆಗಿದೆ. ಮೊಮ್ಮಗಳು ಈಗ ತೊಡೆ ಮೇಲೆ ಕೂರೋಕೆ ದೊಡ್ಡೋಳಾಗಿದಾಳೆ, ಆದ್ರೂ ಕೂರ್ತಾಳೆ.

ಇಷ್ಟನ್ನೂ ಅಕ್ಕಂಗೆ ಹೋದ ಭಾನುವಾರ ಫೋನಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಹಾಗಾದ್ರೆ ನನಗೆ ಯಾಕೆ ತಾಗಬಾರದು ಅಂದ್ರು?" ಅದಕ್ಕೂ ಉತ್ತರ ಇದೆ, ಮತ್ತು ಅದು ನನಗೂ ಸೇರಿ. ಸ್ತನದ ಕ್ಯಾನ್ಸರಿಗೆ ರೇಡಿಯೇಷನ್ ತಗೊಂಡವರ ಮೇಲೆ 2013ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಹಾರ್ಟಿಗೆ ಸರಾಸರಿ ತಾಗಿದ ಪ್ರತಿ ಒಂದು ಗ್ರೇಗೆ ಮುಂದೆ ಹಾರ್ಟಿನ ರಕ್ತನಾಳದ ಕಾಯಿಲೆ ಬರೋ ಅಪಾಯ 7.4 ಪರ್ಸೆಂಟ್ ಏರತ್ತೆ, ಆ ಏರಿಕೆ ಮೊದಲ ಐದು ವರ್ಷದೊಳಗೇ ಶುರುವಾಗಿ ಹತ್ತಾರು ವರ್ಷ ಇರತ್ತೆ. ವಾರಗಳಲ್ಲಿ ಕರೆಂಟಿನ ವೇಗ ಬದಲಾಯಿಸೋ ಅದೇ ಕಿರಣ ವರ್ಷಗಳಲ್ಲಿ ರಕ್ತನಾಳ, ಕವಾಟ, ಪೊರೆಗಳನ್ನ ಗಟ್ಟಿ ಮಾಡಬಹುದು. ನನ್ನ ಪಾಲಿಗೆ ನಾಳೆ ಬೆಳಿಗ್ಗೆ ಬದುಕಿರ್ತೀನಾ ಅನ್ನೋದೇ ಪ್ರಶ್ನೆ ಆಗಿದ್ದಾಗ ಇಪ್ಪತ್ತು ವರ್ಷದ ನಂತರದ ಅಪಾಯಕ್ಕೆ ಸಹಿ ಹಾಕೋದು ಕಷ್ಟ ಆಗ್ಲಿಲ್ಲ. ಅಕ್ಕಂಗೆ ಆಗ 49, ಕ್ಯಾನ್ಸರ್ ವಾಸಿಯಾದ್ರೆ ಮುಂದೆ ತುಂಬಾ ವರ್ಷ ಬದುಕೋಳು ಅನ್ನೋ ಲೆಕ್ಕದಲ್ಲೇ ಆ ಡಾಕ್ಟ್ರಮ್ಮ ಹಾರ್ಟನ್ನ ಕಾಪಾಡಿದ್ದು. ಬದುಕಿದಾಳೆ.

"ನೀನು ಕೊನೇ ಸಲ ಎಕೋ ಮಾಡಿಸಿದ್ದು ಯಾವಾಗಕ್ಕಾ?" ಅಂದೆ. ಕ್ಯಾನ್ಸರ್ ಚೆಕಪ್ಪಿಗೆ ಮಾತ್ರ ಹೋಗ್ತಿದ್ದೆ ಕಣೋ, ಎಕೋ ಯಾವತ್ತೂ ಮಾಡ್ಸಿಲ್ಲ ಅಂದ್ಳು. 18 ವರ್ಷ. ಈಗ ಗುರುವಾರಕ್ಕೆ ಹಾಸನದಲ್ಲೇ ಅಪಾಯಿಂಟ್‌ಮೆಂಟ್ ಆಗಿದೆ, ಅವಳ ಮಗ ಕರ್ಕೊಂಡು ಹೋಗ್ತಾನೆ, ಹಳೇ ಕಿದ್ವಾಯಿ ಫೈಲ್ ಹುಡುಕಿ ಇಟ್ಕೊಂಡಿದಾಳಂತೆ.